ಒಲ್ಲೆನೆನ್ನುವ ಮನೆಯವರನ್ನು ಅಲಾಟ್‌ಮೆಂಟ್ ತೋಟಕ್ಕೆ ಒಗ್ಗಿಸುವುದು ಹೇಗೆ? ಇಂಗ್ಲೆಂಡಿನ ಕನ್ನಡ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಕೌನ್ಸಿಲ್‌ನ ಕಾಯುವ ಪಟ್ಟಿಯಲ್ಲಿ ವರ್ಷಗಟ್ಟಲೆ ಹೆಸರಿಟ್ಟು ಕಡೆಗೊಮ್ಮೆ ಅಲಾಟ್‌ಮೆಂಟಿನ (ತರಕಾರಿ, ಹಣ್ಣು ಬೆಳೆದುಕೊಳ್ಳಲು ಬಾಡಿಗೆಗೆ ಸಿಗುವ ತೋಟದ ನೆಲದ) ಪ್ಲಾಟು ಕೈಗೆ ಬಂದಾಗ, ಆ ಸಂತೋಷ ಹೆಚ್ಚಿನ ಮನೆಗಳಲ್ಲಿ ಒಬ್ಬರದ್ದೇ ಆಗಿರುತ್ತದೆ. ಕರಾರಿಗೆ ಸಹಿ ಹಾಕಿದವರು ಶನಿವಾರ ಬೆಳಗ್ಗೆ ಬೂಟು ಹಾಕಿಕೊಂಡು ಹೊರಡುತ್ತಾರೆ. ಉಳಿದವರು ಮೊದಲ ಸಲ ಜೊತೆಗೆ ಬರುತ್ತಾರೆ, ಎರಡನೆಯ ಸಲ ನೆಪ ಹೇಳುತ್ತಾರೆ, ಆಮೇಲೆ ನೆಪವನ್ನೂ ಹೇಳುವುದಿಲ್ಲ. ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರ್ ಇರುವ ಪೂರ್ಣ ಪ್ಲಾಟನ್ನು ನೌಕರಿಯಲ್ಲಿರುವ ಒಬ್ಬರೇ ವಾರಾಂತ್ಯಗಳಲ್ಲಿ ಹದವಾಗಿ ಇಟ್ಟುಕೊಳ್ಳುವುದು ಕಷ್ಟ. ಜೂನ್ ಹೊತ್ತಿಗೆ ಕಳೆ ಮೊಣಕಾಲು ಮುಟ್ಟುತ್ತದೆ, ಸಾಗುವಳಿ ಸರಿಯಾಗಿಲ್ಲವೆಂದು ಕೌನ್ಸಿಲ್‌ನಿಂದ ನೋಟಿಸು ಬರುತ್ತದೆ, ಆ ನೋಟಿಸು ಮನೆಯಲ್ಲಿ ಜಗಳಕ್ಕೆ ಕಾರಣವಾಗುತ್ತದೆ.

ಈ ಸೋಲು ಮತ್ತೆ ಮತ್ತೆ ಒಂದೇ ಬಗೆಯಲ್ಲಿ ಆಗುವುದಕ್ಕೆ ಕಾರಣ ಕರೆಯುವ ಕ್ರಮದಲ್ಲಿದೆ. ಬಹುತೇಕರು ಮನೆಯವರನ್ನು ಮೊದಲ ಬಾರಿಗೆ ಮಾರ್ಚ್ ತಿಂಗಳ ಚಳಿಯಲ್ಲಿ, ಒದ್ದೆ ಮಣ್ಣು ಅಗೆಯುವುದಕ್ಕೆ ಕರೆದೊಯ್ಯುತ್ತಾರೆ. ಬೆಳೆ ನೆಲದಿಂದ ತಟ್ಟೆಗೆ ಬರುವ ಕ್ರಮ ಅದೇ ಇರಬಹುದು. ಮನುಷ್ಯರು ತೋಟಕ್ಕೆ ಒಗ್ಗುವ ಕ್ರಮ ಅದಕ್ಕೆ ಹಿಮ್ಮುಖವಾದದ್ದು. ಮೊದಲು ಊಟ, ಆಮೇಲೆ ಕೊಯ್ಲು, ಆಮೇಲೆ ನೀರು ಮತ್ತು ಬಿತ್ತನೆ, ಕಟ್ಟಕಡೆಗೆ ಕಳೆ ಮತ್ತು ಅಗೆತ. 1922ರ ಅಲಾಟ್‌ಮೆಂಟ್ ಕಾಯ್ದೆಯ ವ್ಯಾಖ್ಯೆಯ ಪ್ರಕಾರವೂ ಮುಖ್ಯವಾಗಿ ಸಾಗುವಳಿ ಮಾಡಬೇಕಾದವರು ಹಿಡುವಳಿದಾರರು, ಬೆಳೆದದ್ದನ್ನು ತಿನ್ನುವವರು ಹಿಡುವಳಿದಾರರು ಅಥವಾ ಅವರ ಕುಟುಂಬದವರು. ಕಾನೂನೇ ಮನೆಯವರನ್ನು ಊಟದ ಬಾಗಿಲಿನಿಂದ ತೋಟದೊಳಗೆ ಬಿಟ್ಟುಕೊಂಡಿದೆ. ಈ ಮಾರ್ಗದರ್ಶಿಯೂ ಅದೇ ಬಾಗಿಲನ್ನು ಬಳಸುತ್ತದೆ.

## ಒದಗಿಸಿಕೊಳ್ಳಬೇಕಾದ ಸಾಮಾನು

ಒಬ್ಬರಿಗೆ ಸಾಕಾಗುವಷ್ಟು ಸಲಕರಣೆ ಇಟ್ಟುಕೊಂಡು ಇಬ್ಬರನ್ನು ಕರೆಯಬೇಡಿ. ಕೈಯಲ್ಲಿ ಸಲಕರಣೆಯಿಲ್ಲದೆ ನಿಂತವರು ಹತ್ತು ನಿಮಿಷದಲ್ಲಿ ಮೊಬೈಲ್ ತೆಗೆಯುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಕಾರಿನ ಕೀಲಿ ಕೇಳುತ್ತಾರೆ.

ಮಣ್ಣು ಅಗೆಯುವ ಫೋರ್ಕ್ ಎರಡಿರಲಿ. ಒಂದು ಸಾಮಾನ್ಯ ಅಳತೆಯದು, ಇನ್ನೊಂದು ಹಗುರವಾದ ಕಿರಿದಾದ ಬಾರ್ಡರ್ ಫೋರ್ಕ್. ಎರಡನೆಯದನ್ನು ವಯಸ್ಸಾದವರೂ ಹನ್ನೆರಡು ವರ್ಷದ ಮಕ್ಕಳೂ ಸುಲಭವಾಗಿ ಬಳಸಬಲ್ಲರು. ನಿಂತುಕೊಂಡೇ ಕಳೆ ಕೊಯ್ಯಲು ಉದ್ದ ಹಿಡಿಯ ಹೋ ಒಂದು ಬೇಕು, ಕೈಯಲ್ಲಿ ಹಿಡಿಯುವ ಸಣ್ಣ ಸನಿಕೆ (ಟ್ರೌಯೆಲ್) ಎರಡು ಬೇಕು. ನೀರು ಹೊರಲು 5 ಲೀಟರಿನ ಕ್ಯಾನ್‌ಗಳನ್ನು ಕೊಳ್ಳಿ. ತುಂಬಿದ 10 ಲೀಟರಿನ ಕ್ಯಾನು 10 ಕಿಲೋಗಿಂತ ಹೆಚ್ಚು ತೂಗುತ್ತದೆ, ಹಲವು ಸೈಟುಗಳಲ್ಲಿ (ಇಂಥ ಪ್ಲಾಟುಗಳು ಒಟ್ಟಿಗಿರುವ ಜಾಗಗಳಲ್ಲಿ) ಹೋಸ್‌ಪೈಪ್ ಬಳಸಲು ಅನುಮತಿಯಿಲ್ಲ, ನಲ್ಲಿಯೂ ದೂರದಲ್ಲಿರುತ್ತದೆ. ಪ್ರತಿಯೊಬ್ಬರಿಗೂ ಅವರವರ ಅಳತೆಯ ಕೈಗವಸು ಮತ್ತು ಬೆರಳು ಮುಚ್ಚುವ ಗಟ್ಟಿ ಬೂಟು ಇರಬೇಕು. ಚಪ್ಪಲಿ ಹಾಕಿದವರ ಕೈಗೆ ಫೋರ್ಕ್ ಕೊಡಬಾರದು.

ಬಿದಿರು ಕೋಲು ನಿಲ್ಲಿಸುವುದಾದರೆ ಅದರ ತುದಿಗೆ ರಬ್ಬರಿನ ಟೋಪಿ ಅಥವಾ ಕವುಚಿಟ್ಟ ಸಣ್ಣ ಕುಂಡ ಹಾಕಿ. ಬಗ್ಗಿದ ಮಕ್ಕಳ ಕಣ್ಣಿಗೆ ಈ ತುದಿಗಳು ಸುಲಭವಾಗಿ ತಗಲುತ್ತವೆ.

ಮಡಚುವ ಕುರ್ಚಿ ಎರಡು, ಫ್ಲಾಸ್ಕು ಒಂದು. ಇವನ್ನು ಐಷಾರಾಮವೆಂದು ಕೈಬಿಡಬೇಡಿ. ಕೂರಲು ಜಾಗವಿಲ್ಲದ ತೋಟಕ್ಕೆ ಆಳು ಬರುತ್ತಾನೆ, ನೆಂಟರು ಬರುವುದಿಲ್ಲ. ಮೊದಲ ಕೆಲವು ತಿಂಗಳು ನಿಮ್ಮ ಮನೆಯವರು ಅಲ್ಲಿ ನೆಂಟರೇ.

## ಹಂತ 1: ಒಲ್ಲದಿರುವುದಕ್ಕೆ ನಿಜವಾದ ಕಾರಣ ಕಂಡುಕೊಳ್ಳಿ

ಮೊದಲು ಒಂದೆರಡು ವಾರ ಯಾರನ್ನೂ ಕರೆಯಬೇಡಿ, ಒಪ್ಪಿಸಲೂ ಹೋಗಬೇಡಿ. "ಅಲ್ಲಿಗೆ ಬರೋದಂದ್ರೆ ನಿನಗೆ ಯಾವುದು ಬೇಜಾರು?" ಎಂದು ಒಬ್ಬೊಬ್ಬರನ್ನೇ ಬಿಡುವಿನಲ್ಲಿ ಕೇಳಿ, ಉತ್ತರಕ್ಕೆ ಮರುವಾದ ಹೂಡದೆ ಕೇಳಿಸಿಕೊಳ್ಳಿ. "ಸೋಮಾರಿತನ" ಎಂದು ನಾವು ಹಣೆಪಟ್ಟಿ ಹಚ್ಚಿದ್ದರ ಹಿಂದೆ ಬೇರೆ ಏನೋ ಇರುವುದೇ ಹೆಚ್ಚು.

ಎಲ್ಲಕ್ಕಿಂತ ಸಾಮಾನ್ಯವಾದ, ಯಾರೂ ಬಾಯಿಬಿಟ್ಟು ಹೇಳದ ಕಾರಣ ಶೌಚಾಲಯ. ಹಲವು ಸೈಟುಗಳಲ್ಲಿ ಅದು ಇರುವುದೇ ಇಲ್ಲ. ಹೆಂಗಸರಿಗೆ, ವಯಸ್ಸಾದವರಿಗೆ, ಸಣ್ಣ ಮಕ್ಕಳಿಗೆ ಎರಡು ಗಂಟೆಯ ಭೇಟಿಯೇ ಅಸಾಧ್ಯವಾಗುವುದು ಇದರಿಂದ. ಇದಕ್ಕೆ ಮನವೊಲಿಕೆ ಮದ್ದಲ್ಲ. ಭೇಟಿಯನ್ನು ಒಂದು ಗಂಟೆಯೊಳಗೆ ಮುಗಿಸುವುದು, ಹತ್ತಿರದಲ್ಲಿ ಬಳಸಬಹುದಾದ ಸೂಪರ್‌ಮಾರ್ಕೆಟ್ಟೋ ಪಾರ್ಕೋ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳುವುದು ಮದ್ದು.

ಎರಡನೆಯದು ಪರಾಗದ ಅಲರ್ಜಿ. ಇಂಗ್ಲೆಂಡಿನಲ್ಲಿ ಬರ್ಚ್ ಮರದ ಪರಾಗ ವಸಂತದಲ್ಲಿ, ಹುಲ್ಲಿನ ಪರಾಗ ಮೇ ಮಧ್ಯದಿಂದ ಜುಲೈವರೆಗೆ ಕಾಡುತ್ತದೆ. ಆ ತಿಂಗಳುಗಳಲ್ಲಿ ಸೀನುತ್ತ ಕಣ್ಣು ಉಜ್ಜಿಕೊಳ್ಳುವವರಿಗೆ ಮನೆಯೊಳಗಿನ ಕೆಲಸವನ್ನೇ ಕೊಡಬೇಕು.

ಮೂರನೆಯದು ಸೂಕ್ಷ್ಮವಾದದ್ದು. ಬೇಸಿಗೆ ರಜೆಯನ್ನೆಲ್ಲ ಹೊಲದಲ್ಲಿ ಕಳೆದು, ಅದರಿಂದ ತಪ್ಪಿಸಿಕೊಳ್ಳಲೆಂದೇ ಓದಿ ಈ ದೇಶಕ್ಕೆ ಬಂದವರಿಗೆ ಮಣ್ಣು ಅಗೆಯುವುದು ಹವ್ಯಾಸವಾಗಿ ಕಾಣುವುದಿಲ್ಲ. ಪೇಟೆಯಲ್ಲಿ ಬೆಳೆದ ಗಂಡ ಅಥವಾ ಹೆಂಡತಿಗೆ ಹೊಸತೆನಿಸುವ ಗುದ್ದಲಿ, ಹಳ್ಳಿಯಲ್ಲಿ ಬೆಳೆದ ಇನ್ನೊಬ್ಬರಿಗೆ ಹಳೆಯ ದಣಿವನ್ನು ನೆನಪಿಸುತ್ತದೆ. ಇಂಥವರೆದುರು "ಮಣ್ಣಿನ ನಂಟು" ಎಂಬ ಮಾತನ್ನೇ ಎತ್ತಬೇಡಿ. ಅವರಿಗೆ ಹೊಲದಲ್ಲಿ ಎಂದೂ ಸಿಗದಿದ್ದ ಒಂದು ಸಂಗತಿಯನ್ನು ಕೊಡಿ: ಏನು ಬೆಳೆಯಬೇಕೆಂದು ನಿರ್ಧರಿಸುವ ಅಧಿಕಾರ.

ಉಳಿದ ಕಾರಣಗಳಾದ ಚಳಿ, ಕೆಸರು, ಬೇಜಾರು, "ಅದು ನಿನ್ನ ತೋಟ" ಎಂಬ ಭಾವ ಇವೆಲ್ಲ ಮುಂದಿನ ಹಂತಗಳಲ್ಲಿ ತಾವಾಗಿ ಕರಗುತ್ತವೆ.

## ಹಂತ 2: ತೋಟವನ್ನು ಇನ್ನೊಬ್ಬರು ಕಾಲಿಡುವಂತೆ ಮಾಡಿ

ಇದು ನೀವು ಒಬ್ಬರೇ ಮಾಡಬೇಕಾದ ಕೆಲಸ. ಇಡೀ ಪ್ಲಾಟನ್ನು ಒಮ್ಮೆಗೇ ಅಗೆಯುವ ಹಟ ಬಿಡಿ. ಬಾಗಿಲಿಗೆ ಹತ್ತಿರದ ಕಾಲು ಭಾಗವನ್ನು ಮಾತ್ರ ಸಿದ್ಧಗೊಳಿಸಿ, ಉಳಿದದ್ದರ ಮೇಲೆ ರಟ್ಟು ಹಾಸಿಯೋ ಬೆಳಕು ನುಗ್ಗದ ಕಪ್ಪು ಹೊದಿಕೆ ಬಿಗಿದೋ ಕಳೆಯನ್ನು ಅದುಮಿಡಿ. ಹಳೆಯ ಕಾರ್ಪೆಟ್ ಹಾಸುವುದನ್ನು ಹಲವು ಸೈಟುಗಳು ನಿಷೇಧಿಸಿವೆ, ಕರಾರನ್ನು ಓದಿಕೊಳ್ಳಿ. ಮೊದಲ ವರ್ಷ ಎಷ್ಟು ಭಾಗ ಸಾಗುವಳಿಯಾಗಬೇಕು, ಹೊದಿಕೆ ಹಾಕಿದ ನೆಲ ಅದರ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನೂ ಅಲ್ಲಿಯೇ ನೋಡಿ.

ಮಡಿಗಳು 1.2 ಮೀಟರ್ ಅಗಲವಿರಲಿ; ಎರಡೂ ಕಡೆಯಿಂದ ಕೈ ನಡುವಿಗೆ ಎಟಕುತ್ತದೆ, ಯಾರೂ ಮಡಿ ತುಳಿಯಬೇಕಾಗುವುದಿಲ್ಲ. ನಡುವಿನ ದಾರಿಗೆ 60 ಸೆಂಟಿಮೀಟರ್ ಬಿಟ್ಟು ಮರದ ಚಕ್ಕೆ ಹರಡಿ. ಹೊಸಬರು ಬೈಸಿಕೊಳ್ಳುವುದು ಹೆಚ್ಚಾಗಿ ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಸಸಿ ತುಳಿದದ್ದಕ್ಕೆ. ದಾರಿ ಸ್ಪಷ್ಟವಿದ್ದರೆ ಆ ಬೈಗುಳದ ಸಂದರ್ಭವೇ ಬರುವುದಿಲ್ಲ.

ಪ್ರತಿ ಮಡಿಗೂ ಹೆಸರಿನ ಪಟ್ಟಿ ನೆಡಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಇಲ್ಲಿ ಹುಟ್ಟಿದ ಮಗುವಿಗೆ ಮೆಂತ್ಯ ಯಾವುದು, ಊರಿನಿಂದ ಬಂದ ಅಜ್ಜಿಗೆ ಪಾರ್ಸ್ನಿಪ್ ಯಾವುದು ಎಂಬುದು ಕೇಳದೆಯೇ ತಿಳಿಯಬೇಕು.

## ಹಂತ 3: ಅಡುಗೆಮನೆಯಿಂದ ಬೆಳೆ ಆರಿಸಿ

ಯಾವ ಬೆಳೆ ಇಡಬೇಕೆಂಬುದನ್ನು ಬೀಜದ ಕ್ಯಾಟಲಾಗಿನಿಂದ ನಿರ್ಧರಿಸಬೇಡಿ. ಕಳೆದ ಎರಡು ವಾರ ಮನೆಯಲ್ಲಿ ಯಾವ ಸಾರು, ಪಲ್ಯ, ಹುಳಿ ಮಾಡಿದಿರೆಂದು ಬರೆದು, ಅದರಲ್ಲಿ ಈ ಹವೆಯಲ್ಲಿ ಬರುವಂಥವನ್ನು ಗುರುತಿಸಿ. ಯಾರೂ ತಿನ್ನದ ಕೇಲ್ ಸೊಪ್ಪನ್ನು ಮೂರು ಸಾಲು ಬೆಳೆದು, ಅದನ್ನು ಕೊಯ್ಯಲು ಮಕ್ಕಳನ್ನು ಕರೆದರೆ ಬರುವುದಾದರೂ ಏಕೆ?

ಮೆಂತ್ಯ ಏಪ್ರಿಲ್‌ನಿಂದ ಬಿತ್ತಬಹುದು, ನಾಲ್ಕರಿಂದ ಆರು ವಾರಕ್ಕೆ ಕೊಯ್ಲಿಗೆ ಬರುತ್ತದೆ. ಬೇಗ ಫಲ ಕಾಣಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಕೊತ್ತಂಬರಿ ನಡುಬೇಸಿಗೆಯಲ್ಲಿ ಬೇಗ ಹೂ ಬಿಟ್ಟು ಕೈಕೊಡುತ್ತದೆ, ಆದ್ದರಿಂದ ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ. ಬೀಟ್‌ರೂಟ್, ಮೂಲಂಗಿ, ಪಾಲಕ್, ಆಲೂಗಡ್ಡೆ, ಬಟಾಣಿ, ಫ್ರೆಂಚ್ ಬೀನ್ಸ್, ಈರುಳ್ಳಿ, ಬೆಳ್ಳುಳ್ಳಿ, ಕುಂಬಳ ಇವು ನಂಬಿಕಸ್ತ ಬೆಳೆಗಳು. ದಂಟಿನ ಸೊಪ್ಪನ್ನು ಮೇ ಕೊನೆಯಲ್ಲಿ ನೆಲ ಬೆಚ್ಚಗಾದ ಮೇಲೆ ಬಿತ್ತಿದರೆ ಬೇಸಿಗೆಯಲ್ಲಿ ಬರುತ್ತದೆ.

ಅವರೆಕಾಯಿಯ ಆಸೆ ಬಿಡಿ. ಅದು ಹಗಲು ಕುಗ್ಗಿದಾಗ ಹೂ ಬಿಡುವ ಬಳ್ಳಿ; ಇಲ್ಲಿ ಹಗಲು ಕುಗ್ಗುವ ಹೊತ್ತಿಗೆ ಚಳಿ ಬಂದಿರುತ್ತದೆ. ಅದರ ಬದಲಿಗೆ ಬ್ರಾಡ್ ಬೀನ್ಸ್ ಹಾಕಿ. ಅಕ್ವಾಡಲ್ಸ್ ಕ್ಲಾಡಿಯಾ ಎಂಬ ತಳಿಯನ್ನು ನವೆಂಬರಿನಲ್ಲೇ ಬಿತ್ತಬಹುದು, ಜೂನ್‌ನಲ್ಲಿ ಕಾಯಿ ಸಿಗುತ್ತದೆ. ಕಾಳನ್ನು ಒಂದೆರಡು ನಿಮಿಷ ಕುದಿಸಿ ತಣ್ಣೀರಿಗೆ ಹಾಕಿ ಹಿತುಕಿದರೆ, ಸಿಪ್ಪೆಯಿಂದ ಹಸಿರು ಬೇಳೆ ಜಾರಿ ಹೊರಬರುತ್ತದೆ; ಹಿತಕಿದ ಬೇಳೆ ಸಾರಿಗೆ ಧಾರಾಳವಾಗಿ ಒಗ್ಗುತ್ತದೆ. ಈ ಬೆಳೆಯನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿತುಕುವ ಕೆಲಸ ಟಿವಿಯ ಮುಂದೆ ಕೂತು ಆಗುವಂಥದ್ದು, ನಾಲ್ಕು ಕೈ ಬೇಡುವಂಥದ್ದು. ತೋಟಕ್ಕೆ ಕಾಲಿಡದವರೂ ಅವರಿಗೇ ಗೊತ್ತಿಲ್ಲದಂತೆ ತೋಟದ ಕೆಲಸದಲ್ಲಿ ಸೇರಿಕೊಂಡುಬಿಡುತ್ತಾರೆ. ಒಂದು ಎಚ್ಚರಿಕೆ: ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವವರು ಬ್ರಾಡ್ ಬೀನ್ಸ್ ತಿನ್ನಬಾರದು.

## ಹಂತ 4: ಮೊದಲ ಕರೆ ಕೊಯ್ಲಿಗೆ ಮಾತ್ರ

ಮನೆಯವರು ತೋಟಕ್ಕೆ ಮೊದಲು ಕಾಲಿಡುವ ದಿನ ಕೀಳಲು, ಕೊಯ್ಯಲು ಏನಾದರೂ ಸಿದ್ಧವಿರಬೇಕು. ಮಕ್ಕಳಿರುವ ಮನೆಗೆ ಆಲೂಗಡ್ಡೆಗಿಂತ ಒಳ್ಳೆಯ ಬೆಳೆ ಇಲ್ಲ. ಸ್ವಿಫ್ಟ್, ರಾಕೆಟ್‌ನಂಥ ಬೇಗ ಬರುವ ತಳಿಗಳನ್ನು ಮಾರ್ಚ್ ಕೊನೆಯಲ್ಲಿ ನೀವೇ ನೆಟ್ಟು, ಚಿಗುರಿಗೆ ಮಣ್ಣು ಏರಿಸಿ, ಇಬ್ಬನಿ ಹೆಪ್ಪುಗಟ್ಟುವ ಹಿಮ (ಫ್ರಾಸ್ಟ್) ಬೀಳುವ ರಾತ್ರಿ ಮುಚ್ಚಿ ಕಾಪಾಡಿದರೆ, ಹತ್ತರಿಂದ ಹನ್ನೆರಡು ವಾರದಲ್ಲಿ ಅಗೆಯಲು ಬರುತ್ತವೆ. ಫೋರ್ಕನ್ನು ನೀವು ಹಾಕಿ ಬುಡ ಸಡಿಲಿಸಿ, ಕೈ ಹಾಕಿ ಹುಡುಕುವುದನ್ನು ಮಕ್ಕಳಿಗೆ ಬಿಡಿ. ಹಸಿರು ತಿರುಗಿದ ಗೆಡ್ಡೆಯನ್ನೂ ಗಿಡದಲ್ಲಿ ಬಿಡುವ ಟೊಮೆಟೊದಂಥ ಕಾಯಿಯನ್ನೂ ತಿನ್ನಬಾರದೆಂದು ಮೊದಲೇ ಹೇಳಿ, ಎರಡೂ ವಿಷ.

ಈ ಮೊದಲ ಭೇಟಿಗೆ ಕೆಲವು ಕಟ್ಟುಪಾಡುಗಳಿವೆ. ಒಣ ದಿನವನ್ನೇ ಆರಿಸಿ. ನಲವತ್ತು ನಿಮಿಷಕ್ಕೆ ಮುಗಿಸಿ. "ಇನ್ನೊಂಚೂರು ಇರೋಣ" ಎಂದು ಅವರು ಅಂದರೂ ಹೊರಡಿ. ಅಲ್ಲಿದ್ದಷ್ಟು ಹೊತ್ತು ನೀವು ಕಳೆಗೆ ಬಗ್ಗಬೇಡಿ, ನೀವು ಬಗ್ಗಿದರೆ ಅವರು ಸುಮ್ಮನೆ ನಿಲ್ಲುವುದಕ್ಕೆ ಸಂಕೋಚಪಡುತ್ತಾರೆ, ಆ ಸಂಕೋಚವೇ ಮುಂದಿನ ಸಲದ ನೆಪವಾಗುತ್ತದೆ. ಕಿತ್ತದ್ದನ್ನು ಅಂದೇ ಅಡುಗೆ ಮಾಡಿ, ಯಾರು ಕಿತ್ತರೋ ಅವರ ಇಷ್ಟದ ಅಡುಗೆಯನ್ನೇ ಮಾಡಿ. ಫ್ರಿಜ್ಜಿನಲ್ಲಿ ನಾಲ್ಕು ದಿನ ಕಳೆದ ಆಲೂಗಡ್ಡೆಗೂ ಅಂಗಡಿಯ ಆಲೂಗಡ್ಡೆಗೂ ಮಕ್ಕಳ ಮಟ್ಟಿಗೆ ವ್ಯತ್ಯಾಸವಿಲ್ಲ.

ಕರೆಯುವ ಮಾತಿನ ಬಗ್ಗೆಯೂ ಎರಡು ಮಾತು. "ಎಲ್ಲಾ ನಾನೊಬ್ಬಳೇ ಮಾಡಬೇಕು" ಎಂದು ಆರಂಭವಾಗುವ ವಾಕ್ಯ ದೂರು. ಅದಕ್ಕೆ ಬರುವ ಉತ್ತರವೂ ದೂರೇ. "ಬೀನ್ಸ್ ಇವತ್ತು ಕೊಯ್ಯದಿದ್ದರೆ ನಾರಾಗುತ್ತೆ, ಅರ್ಧ ಗಂಟೆ ಕೆಲಸ, ಏಳೂವರೆಗೆ ಮನೇಲಿರ್ತೀವಿ, ಬರ್ತೀಯಾ?" ಎನ್ನುವುದರಲ್ಲಿ ಏನು, ಏಕೆ, ಎಷ್ಟು ಹೊತ್ತು ಎಂಬುದೆಲ್ಲ ಇದೆ. ಹೇಳಿದ ಸಮಯಕ್ಕೆ ಮನೆ ಸೇರಿದರೆ ಮಾತ್ರ ಈ ವಾಕ್ಯ ಎರಡನೆಯ ಸಲವೂ ಕೆಲಸ ಮಾಡುತ್ತದೆ.

## ಹಂತ 5: ತುಣುಕು ಕೆಲಸ ಬೇಡ, ಒಂದು ಇಡೀ ವಿಷಯ ಒಪ್ಪಿಸಿ

ಎರಡು ಮೂರು ಕೊಯ್ಲಿನ ಭೇಟಿಗಳ ನಂತರವಷ್ಟೇ ಈ ಹಂತಕ್ಕೆ ಬನ್ನಿ. "ಅದು ಹಿಡಿ, ಇದು ಎತ್ತು" ಎಂದು ಸಹಾಯಕರನ್ನಾಗಿಸಿದವರು ಸಹಾಯಕರಾಗಿಯೇ ಉಳಿಯುತ್ತಾರೆ, ನೀವು ಕರೆಯದ ದಿನ ಬರುವುದಿಲ್ಲ. ಒಬ್ಬೊಬ್ಬರಿಗೂ ಒಂದು ವಿಷಯವನ್ನು ಆರಂಭದಿಂದ ಕೊನೆಯವರೆಗೆ, ತೀರ್ಮಾನದ ಹಕ್ಕಿನ ಸಮೇತ ಬಿಟ್ಟುಕೊಡಿ.

ಸಣ್ಣ ಮಕ್ಕಳಿಗೆ ಕುಂಬಳ ಕೊಡಿ. ಏಪ್ರಿಲ್ ಕೊನೆಯಲ್ಲಿ ಕಿಟಕಿಯ ಬಳಿ ಬಿತ್ತಿ, ಹಿಮದ ಭಯ ಕಳೆದ ಮೇಲೆ ಜೂನ್ ಆರಂಭದಲ್ಲಿ ತೋಟಕ್ಕೆ ಕೂರಿಸಬಹುದು. ಎಳೆಗಾಯಿಯ ಮೇಲೆ ಮಗು ಮೊಳೆಯಿಂದ ಹಗುರವಾಗಿ ತನ್ನ ಹೆಸರು ಗೀರಿದರೆ, ಕಾಯಿಯೊಡನೆ ಅಕ್ಷರವೂ ಹಿಗ್ಗುತ್ತದೆ. ಅಕ್ಟೋಬರಿನವರೆಗೂ ಅದನ್ನು ನೋಡಲು ಮಗು ತಾನಾಗಿ ಹೊರಡುತ್ತದೆ.

ಹದಿಹರೆಯದವರ ವಿಷಯ ಬೇರೆ. ಅವರಿಗೆ ಬೀಜ ಬಿತ್ತುವುದು ಎಳೆಯರ ಆಟ. ಬಲ ಬೇಡುವ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸ ಹಿಡಿಸುತ್ತದೆ. ಬೀನ್ಸಿಗೆ ಬಿದಿರಿನ ಚಪ್ಪರ, ಗೊಬ್ಬರದ ತೊಟ್ಟಿ, ಮಳೆನೀರಿನ ಡ್ರಮ್ಮಿನ ಜೋಡಣೆ ಇವನ್ನು ಒಪ್ಪಿಸಿ. ಸ್ನೇಹಿತನೊಬ್ಬನನ್ನು ಕರೆತರಲು ಬಿಡಿ, ಕಿವಿಗೆ ಹೆಡ್‌ಫೋನ್ ಇದ್ದರೆ ಇರಲಿ. ದುಡ್ಡು ಕೊಡಬೇಕೇ ಎಂದು ಹಲವು ತಂದೆತಾಯಿಯರು ಕೇಳುತ್ತಾರೆ. ಒಮ್ಮೆ ಮುಗಿಯುವ ದೊಡ್ಡ ಕೆಲಸಕ್ಕೆ ಕೊಟ್ಟರೆ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ವಾರ ವಾರದ ನೀರು, ಕೊಯ್ಲಿಗೆ ಕೊಡಲು ಆರಂಭಿಸಿದರೆ ಮಾತ್ರ ದರದ ಚೌಕಾಸಿಯೇ ಮುಖ್ಯವಾಗಿಬಿಡುತ್ತದೆ.

ಮಣ್ಣು ಮುಟ್ಟಲು ಸುತರಾಂ ಒಪ್ಪದ ಗಂಡನಿಗೋ ಹೆಂಡತಿಗೋ ತೋಟದ ಹೊರಗಿನ ಕೆಲಸ ಬೇಕಾದಷ್ಟಿದೆ. ಬೀಜ ತರಿಸುವುದು, ಕಿಟಕಿಯಂಚಿನ ಮೆಣಸಿನ ಸಸಿಗಳ ಆರೈಕೆ, ಕಾರಿನಲ್ಲಿ ಗೊಬ್ಬರದ ಚೀಲ ತರುವುದು, ಹೆಚ್ಚಾದ ಕೋರ್ಜೆಟ್ (ಜುಕಿನಿ) ಹಂಚುವುದು, ಉಪ್ಪಿನಕಾಯಿ ಹಾಕುವುದು. ಇವನ್ನು ಎರಡನೆಯ ದರ್ಜೆಯ ಸಹಾಯವೆಂದು ಲೆಕ್ಕ ಹಾಕಬೇಡಿ. ಇವು ಇಲ್ಲದೆ ಆಗಸ್ಟ್ ತಿಂಗಳನ್ನು ಯಾವ ತೋಟವೂ ದಾಟುವುದಿಲ್ಲ.

ಒಪ್ಪಿಸಿದ ಮೇಲೆ ಕೈ ಹಾಕಬಾರದು. ಸಾಲು ಸೊಟ್ಟಗಿರಲಿ, ಬೀಜ ಒತ್ತಾಗಿ ಬಿದ್ದಿರಲಿ, ಅವರಿಲ್ಲದಾಗ ಹೋಗಿ ಸರಿಮಾಡಬೇಡಿ. ಕಂಡುಬಿಟ್ಟರೆ ಆ ಮಡಿ ಅಂದಿನಿಂದ ನಿಮ್ಮದು.

## ಹಂತ 6: ದಿನ, ಹೊತ್ತು ಗೊತ್ತುಮಾಡಿ

"ಬಿಡುವಾದಾಗ ಹೋಗೋಣ" ಎಂಬ ಏರ್ಪಾಡು ಮುರಿದುಬೀಳುತ್ತದೆ. ವಾರದಲ್ಲಿ ಒಂದು ಸಂಜೆ, ಒಂದು ರಜಾದಿನ, ತಲಾ ಒಂದು ಗಂಟೆ ಸಾಕು. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದಾದ ಮೇಲೆ ಸಂಜೆಗಳು ಉದ್ದವಾಗುತ್ತವೆ. ಜೂನ್‌ನಲ್ಲಿ ಲಂಡನ್ನಿನಲ್ಲಿ ಒಂಬತ್ತು ಗಂಟೆ ದಾಟಿದರೂ ಬೆಳಕಿರುತ್ತದೆ. ವಾರಾಂತ್ಯದ ಕ್ರಿಕೆಟ್, ಕನ್ನಡ ತರಗತಿ, ಹುಟ್ಟುಹಬ್ಬಗಳ ನಡುವೆ ತೋಟವನ್ನು ತುರುಕುವುದಕ್ಕಿಂತ ಬುಧವಾರ ಸಂಜೆಯ ಊಟದ ನಂತರದ ಒಂದು ಗಂಟೆ ಹೆಚ್ಚು ಬಾಳಿಕೆ ಬರುತ್ತದೆ. ಮಳೆ ಬಂದರೆ ಆ ವಾರ ರದ್ದು, ಬದಲಿ ದಿನವಿಲ್ಲ ಎಂದೂ ಮೊದಲೇ ತೀರ್ಮಾನಿಸಿ.

## ಹಂತ 7: ಕಳೆಯನ್ನು ಕೊನೆಗೆ, ಅಳತೆ ಮಾಡಿ ಕೊಡಿ

ಒಂದು ಹಂಗಾಮು ಬಂದುಹೋದವರಿಗೆ ಮಾತ್ರ ಕಳೆಯ ಕೆಲಸ ಹೇಳಿ. "ಈ ಮಡಿ ಕ್ಲೀನ್ ಮಾಡು" ಎಂದರೆ ಅದು ಮುಗಿಯದ ಕೆಲಸ. ದಾರ ಕಟ್ಟಿ ಒಂದು ಮೀಟರ್ ಚೌಕ ತೋರಿಸಿ, "ಇಷ್ಟಾದರೆ ಚಹಾ" ಎಂದರೆ ಮುಗಿಯುವ ಕೆಲಸ.

ಯಾವುದು ಕಳೆ ಎಂದು ತೋರಿಸುವ ಮೊದಲು ಯಾವುದು ಬೆಳೆ ಎಂದು ತೋರಿಸಿ. ಹೊಸಬರನ್ನು ಕ್ಯಾರೆಟ್ ಸಾಲಿಗೆ ಕೂರಿಸಬೇಡಿ, ಅದರ ಎಳೆಸಸಿ ಹುಲ್ಲಿನೊಡನೆ ಬೆರೆತುಹೋಗುತ್ತದೆ. ಸಾಲಾಗಿ ನಿಂತ ಈರುಳ್ಳಿ, ಕೆಂಪು ಕಾಂಡದ ಬೀಟ್‌ರೂಟ್, ದೊಡ್ಡೆಲೆಯ ಬೀನ್ಸ್ ಇವುಗಳ ಮಡಿಯಿಂದ ಆರಂಭಿಸಲಿ. ಹೋ ಬಳಸುವುದಾದರೆ ಒಣ ಬಿಸಿಲಿನ ಬೆಳಗ್ಗೆ ಬಳಸಬೇಕು; ಕೊಯ್ದ ಕಳೆ ಸಂಜೆಯೊಳಗೆ ಬಾಡುತ್ತದೆ. ಒದ್ದೆ ದಿನ ಕೊಯ್ದದ್ದು ಅಲ್ಲೇ ಮತ್ತೆ ಬೇರೂರಿ, ಮಾಡಿದವರ ಉತ್ಸಾಹವನ್ನು ನುಂಗುತ್ತದೆ.

ಬೈಂಡ್‌ವೀಡ್ ಬಳ್ಳಿ ಮತ್ತು ಕೌಚ್ ಹುಲ್ಲನ್ನು ಮಾತ್ರ ಯಾರಿಗೂ ಕೊಡಬೇಡಿ. ಇವುಗಳ ಬಿಳಿಯ ಬೇರಿನ ಒಂದು ತುಣುಕು ಉಳಿದರೂ ಹೊಸ ಗಿಡ ಏಳುತ್ತದೆ. ಯಂತ್ರದಿಂದ ಉತ್ತರೆ ಒಂದು ಬೇರು ನೂರಾಗುತ್ತದೆ. ಎರಡು ವಾರದಲ್ಲಿ ಮತ್ತೆ ಚಿಗುರಿದ್ದನ್ನು ಕಂಡವರು "ನಾನು ಮಾಡಿದ್ದೆಲ್ಲ ದಂಡ" ಎಂದುಕೊಳ್ಳುತ್ತಾರೆ. ನೀವೇ ಫೋರ್ಕಿನಿಂದ ಬಿಡಿಸಿ ತೆಗೆಯಿರಿ, ಇಲ್ಲವೇ ಹೊದಿಕೆಯ ಕೆಳಗೆ ಬಿಡಿ.

## ಹಂತ 8: ಊರಿನಿಂದ ಬಂದ ಹಿರಿಯರು

ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬರುವ ಅಪ್ಪ ಅಮ್ಮ, ಅತ್ತೆ ಮಾವಂದಿರು ಹಲವು ಕುಟುಂಬಗಳ ತೋಟವನ್ನು ಉಳಿಸಿಕೊಟ್ಟಿದ್ದಾರೆ, ಕೆಲವು ಕುಟುಂಬಗಳಲ್ಲಿ ಜಗಳವನ್ನೂ ತಂದಿದ್ದಾರೆ. ಅವರಿಗೆ ತಿಳಿದ ಕೃಷಿ ಬೇರೆ ಹವೆಯದು. ದಕ್ಷಿಣ ಇಂಗ್ಲೆಂಡಿನಲ್ಲೂ ಮೇ ಮಧ್ಯದವರೆಗೆ ರಾತ್ರಿ ಹಿಮ (ಫ್ರಾಸ್ಟ್) ಬೀಳಬಹುದು, ಉತ್ತರಕ್ಕೆ ಹೋದಂತೆ ಇನ್ನೂ ತಡ. "ಏಪ್ರಿಲ್‌ನಲ್ಲಿ ಬದನೆ ನೆಡದಿದ್ದರೆ ಇನ್ಯಾವಾಗ?" ಎಂದು ಮಾವನವರು ಕೇಳಿದಾಗ ವಾದಿಸಬೇಡಿ. ಅವರಿಗೊಂದು ಮಡಿ ಬಿಟ್ಟುಕೊಟ್ಟು, "ಇದರಲ್ಲಿ ನಿಮಗೆ ಸರಿ ಕಂಡದ್ದು ಮಾಡಿ ಮಾವ" ಎಂದರೆ ಸಾಕು. ಹವೆಯೇ ಉತ್ತರ ಹೇಳುತ್ತದೆ, ನೀವು ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಸಂಕೋಚವಿಲ್ಲದೆ, ಮೊದಲ ದಿನವೇ ಹೇಳಿ. ಹಲವು ಹಳೆಯ ಪ್ಲಾಟುಗಳಲ್ಲಿ ಇರುವ ರೂಬಾರ್ಬ್ ಗಿಡದ ಕೆಂಪು ದಂಟನ್ನು ಬೇಯಿಸಿ ತಿನ್ನಬಹುದು, ಹುಳಿಯಿರುವುದರಿಂದ ಗೊಜ್ಜಿಗೂ ಆಗುತ್ತದೆ. ಅದರ ಅಗಲವಾದ ಎಲೆ ಮಾತ್ರ ವಿಷ. ಸೊಪ್ಪೆಂದು ಕಂಡದ್ದನ್ನು ಬಿಡಿಸಿ ಸಾರಿಗೆ ಹಾಕುವ ರೂಢಿಯಿರುವ ಹಿರಿಯರಿಗೆ ಇದು ತಿಳಿದಿರುವುದಿಲ್ಲ. ಇತ್ತ ಕಳೆಯೆಂದು ನೀವು ಕಿತ್ತೆಸೆಯುವ ಫ್ಯಾಟ್ ಹೆನ್, ಉತ್ತರ ಭಾರತದವರು ಬಥುವಾ ಎಂದು ಬೇಯಿಸುವ ಸೊಪ್ಪೇ. ಖಚಿತವಾಗಿ ಗುರುತು ಹಿಡಿಯಬಲ್ಲವರು ಅದನ್ನು ಅಡುಗೆಗೆ ತರಬಹುದು.

## ಹಂತ 9: ಊರಿಗೆ ಹೋಗುವ ಆರು ವಾರ

ನಮ್ಮ ಕುಟುಂಬಗಳ ವಿಶೇಷ ತೊಡಕು ಇದು. ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ಶಾಲೆಗೆ ರಜೆ, ಎಲ್ಲರೂ ಊರಿಗೆ ಹೊರಡುವುದು ಆಗಲೇ. ತೋಟ ಹೆಚ್ಚು ಕೈ ಬೇಡುವುದೂ ಆಗಲೇ. ರನ್ನರ್ ಬೀನ್ಸನ್ನು ಎರಡು ಮೂರು ದಿನಕ್ಕೊಮ್ಮೆ ಕೊಯ್ಯದಿದ್ದರೆ ಬಳ್ಳಿ ಕಾಯಿ ಬಿಡುವುದನ್ನೇ ನಿಲ್ಲಿಸುತ್ತದೆ, ಕೋರ್ಜೆಟ್ ತೋಳಿನಷ್ಟು ದಪ್ಪವಾಗುತ್ತದೆ. ಹಿಂದಿರುಗಿದವರನ್ನು ಕಾಡಿನಂಥ ತೋಟ ಎದುರುಗೊಂಡರೆ ಆರು ತಿಂಗಳ ಒಗ್ಗಿಸುವಿಕೆ ನೀರುಪಾಲು.

ಊರಿಗೆ ಹೋಗುವ ವರ್ಷ ಬೆಳೆಯ ಯೋಜನೆಯೇ ಬೇರೆಯಿರಲಿ. ಶರತ್ಕಾಲದಲ್ಲಿ ಹಾಕಿದ ಬ್ರಾಡ್ ಬೀನ್ಸ್ ಮತ್ತು ಬೆಳ್ಳುಳ್ಳಿ, ಬೇಗ ಬರುವ ಆಲೂಗಡ್ಡೆ ಜುಲೈ ಮಧ್ಯದೊಳಗೆ ಮುಗಿಯುತ್ತವೆ. ಬೀಟ್‌ರೂಟ್, ಕುಂಬಳ ತಾವಾಗಿ ಬೆಳೆಯುತ್ತಿರುತ್ತವೆ. ರನ್ನರ್ ಬೀನ್ಸ್, ಕೋರ್ಜೆಟ್, ಟೊಮೆಟೊ ಆ ವರ್ಷ ಬೇಡ. ತೇವದ ಆಗಸ್ಟಿನಲ್ಲಿ ಟೊಮೆಟೊಗೆ ಬ್ಲೈಟ್ ರೋಗದ ಕಾಟವೂ ಇದೆ. ಖಾಲಿಯಾದ ಮಡಿಗಳನ್ನು ಹೊರಡುವ ಮೊದಲು ಮುಚ್ಚಿ. ಪಕ್ಕದ ಪ್ಲಾಟಿನವರಿಗೆ ನೀರು ಹಾಕಲು ಕೇಳುವಾಗ, ಆ ಆರು ವಾರ ಬಿಟ್ಟದ್ದನ್ನೆಲ್ಲ ಕೊಯ್ದುಕೊಳ್ಳಿ ಎಂದೂ ಹೇಳಿ. ಕೊಯ್ಲಿನ ಆಸೆ ಅವರನ್ನೂ ನೀರಿನ ಕ್ಯಾನಿನ ಬಳಿಗೆ ತರುತ್ತದೆ.

## ಮೇಲಿಂದ ಮೇಲೆ ಆಗುವ ತಪ್ಪುಗಳು

ಎಲ್ಲರನ್ನೂ ಒಂದೇ ದಿನ ಕರೆದೊಯ್ಯುವುದು ಮೊದಲ ತಪ್ಪು. ಒಬ್ಬರ ಬೇಜಾರು ಉಳಿದವರಿಗೆ ಅಂಟುತ್ತದೆ. ಒಮ್ಮೆಗೆ ಒಬ್ಬರನ್ನು ಒಗ್ಗಿಸಿ, ಎರಡನೆಯವರನ್ನು ಕರೆಯುವ ಕೆಲಸವನ್ನು ಮೊದಲನೆಯವರಿಗೆ ಬಿಡಿ.

ಹೋಂವರ್ಕ್ ಮಾಡದಿದ್ದಕ್ಕೆ, ಮೊಬೈಲ್ ನೋಡಿದ್ದಕ್ಕೆ ಶಿಕ್ಷೆಯಾಗಿ ತೋಟಕ್ಕೆ ಎಳೆದೊಯ್ಯುವುದು ಇನ್ನೊಂದು. ಒಂದೇ ಒಂದು ಸಲ ಶಿಕ್ಷೆಯಾದ ಜಾಗ ಮಗುವಿಗೆ ಮತ್ತೆ ಬೇಕೆನಿಸುವುದಿಲ್ಲ. ನೆಂಟರೆದುರು "ಇವರ್ಯಾರೂ ಕೈ ಹಾಕಲ್ಲ, ತಿನ್ನೋಕೆ ಮಾತ್ರ ಮುಂದು" ಎಂದು ನಗುತ್ತ ಹೇಳುವುದೂ ಅಷ್ಟೇ ಹಾನಿಕರ.

## ಎಚ್ಚರಿಕೆಯ ಲಕ್ಷಣಗಳು

ಬರುತ್ತಾರೆ, ಆದರೆ ಕಾರಿನಲ್ಲೇ ಕೂರುತ್ತಾರೆ ಎಂದಾದರೆ ಭೇಟಿ ಉದ್ದವಾಗಿದೆ, ಅರ್ಧಕ್ಕೆ ಇಳಿಸಿ. ಒಪ್ಪಿಸಿದ ಮಡಿಯ ಬಗ್ಗೆ "ನೀನೇ ಹೇಳು ಏನು ಮಾಡಲಿ" ಎಂದು ಪದೇ ಪದೇ ಕೇಳಿದರೆ ನೀವು ಎಲ್ಲೋ ತಿದ್ದಿದ್ದೀರಿ. ಕೊಯ್ದ ತರಕಾರಿ ಮನೆಯಲ್ಲಿ ಕೊಳೆಯುತ್ತಿದ್ದರೆ ಬೆಳೆಯ ಆಯ್ಕೆ ತಪ್ಪಿದೆ, ಹಂತ 3ಕ್ಕೆ ಹಿಂದಿರುಗಿ. ನೀವು ಒಬ್ಬರೇ ಹೋಗಿಬಂದ ದಿನ ಮನೆ ನಿಶ್ಶಬ್ದವಾಗಿ, ಊಟದ ಹೊತ್ತಿಗೆ ಮಾತು ಬಿಗಿಯಾಗುತ್ತಿದ್ದರೆ, ಕೆಲಸದ ಹಂಚಿಕೆಯ ಪ್ರಶ್ನೆ ತೋಟದ ಹೊರಗೂ ಇದೆ. ಅದನ್ನು ಬಿತ್ತನೆಯ ವೇಳಾಪಟ್ಟಿಯಿಂದ ಬಗೆಹರಿಸಲು ಹೋಗಬೇಡಿ, ತೋಟವನ್ನು ಬದಿಗಿಟ್ಟು ಮಾತನಾಡಿ.

## ಯಾರೂ ಒಗ್ಗದಿದ್ದರೆ

ಒಂದು ಪೂರ್ಣ ಹಂಗಾಮು ಈ ಕ್ರಮದಲ್ಲಿ ನಡೆದ ಮೇಲೂ ಯಾರೂ ಬರದಿದ್ದರೆ ಪ್ಲಾಟನ್ನು ಕಿರಿದುಮಾಡಿ. ಹಲವು ಕೌನ್ಸಿಲ್‌ಗಳು ಈಗ ಹೊಸಬರಿಗೆ ಕೊಡುವುದೇ ಅರ್ಧ ಪ್ಲಾಟು. ಸುಮಾರು 125 ಚದರ ಮೀಟರ್ ನೆಲವನ್ನು ಒಬ್ಬರು ನೆಮ್ಮದಿಯಿಂದ ನೋಡಿಕೊಳ್ಳಬಹುದು. ಕರಾರು ನಿಮ್ಮ ಹೆಸರಿನಲ್ಲಿರುವುದರಿಂದ ಇನ್ನರ್ಧವನ್ನು ಸ್ನೇಹಿತರಿಗೆ ನೀವೇ ಬಾಡಿಗೆಗೆ ಕೊಡುವಂತಿಲ್ಲ. ಸೈಟಿನ ಕಾರ್ಯದರ್ಶಿಯವರಿಗೆ ಬರೆದು, ಅರ್ಧವನ್ನು ಮರಳಿಸುತ್ತೇವೆಂದು ತಿಳಿಸಿ. ಬಾಡಿಗೆಯ ವರ್ಷ ಆರಂಭವಾಗುವ ತಿಂಗಳು ಸೈಟಿನಿಂದ ಸೈಟಿಗೆ ಬೇರೆ, ಆದ್ದರಿಂದ ಕರಾರಿನಲ್ಲಿ ನಮೂದಾದ ದಿನಾಂಕವನ್ನೂ ಮುಂಚಿತವಾಗಿ ತಿಳಿಸಬೇಕಾದ ಅವಧಿಯನ್ನೂ ನೋಡಿಕೊಂಡು, ಹಣ ಕಟ್ಟುವ ಮೊದಲೇ ಪತ್ರ ಕಳುಹಿಸಿ. ಮರಳಿಸುವ ಅರ್ಧದಲ್ಲಿ ರೂಬಾರ್ಬ್, ಹಣ್ಣಿನ ಪೊದೆಗಳಿದ್ದರೆ ಗಿಡಗಳು ಎಲೆ ಉದುರಿಸಿ ಮಲಗಿರುವ ನವೆಂಬರಿನಿಂದ ಫೆಬ್ರವರಿಯೊಳಗೆ ಅವನ್ನು ಕಿತ್ತು ಉಳಿದ ಅರ್ಧಕ್ಕೆ ಸ್ಥಳಾಂತರಿಸಿ.